ಏಳು ಅಂದ್ರೆ ಏಳು

ಭಾನುವಾರ, ಬೆಳಿಗ್ಗೆ

ಇವಳೇ,

ಐದು ವರ್ಷದ ಮೇಲೆ ಬರೆಯುವ ಪತ್ರವನ್ನು ಹೀಗೆ ಶುರುಮಾಡಬಹುದೋ ಇಲ್ಲವೋ ಗೊತ್ತಿಲ್ಲ. ‘ಪ್ರೀತಿಯ’ ಎಂದು ಬರೆದು ನೋಡಿದೆ. ಆ ಮಾತನ್ನು ನಿನ್ನೆದುರು ಒಮ್ಮೆಯೂ ಆಡದವನು ಈಗ ಕಾಗದದ ಮರೆಯಲ್ಲಿ ನಿಂತು ಆಡುವುದು ಕಳ್ಳತನದಂತೆ ಕಂಡಿತು. ಹೆಸರು ಬರೆದರೆ ಬೇರೆ ಯಾರಿಗೋ ಬರೆದ ಹಾಗಿತ್ತು. ಇಪ್ಪತ್ತಾರು ವರ್ಷ ಕರೆದದ್ದು ಹೀಗೆಯೇ. ಬೇಡವೆನಿಸಿದರೆ ಆ ಸಾಲನ್ನು ಹೊಡೆದುಹಾಕಿ ಮುಂದೆ ಓದು.

ಮಗಳು ನಿನಗೆ ಹೇಳಿರುತ್ತಾಳೆ: ಅಪ್ಪನ ಆಪರೇಷನ್ ಚೆನ್ನಾಗಿ ಆಯಿತು, ಕೋಲು ಬಿಟ್ಟು ಓಡಾಡುತ್ತಾರೆ, ನೋವು ಗೀವು ಏನೂ ಇಲ್ಲ ಎಂದು. ಅದು ನಾನು ಹೇಳಿಕೊಟ್ಟ ಸುಳ್ಳು. ಅವಳನ್ನು ಬೈಯಬೇಡ. ಫೋನಿನಲ್ಲಿ ಅವಳು ಹೇಗಿದ್ದೀಯಪ್ಪಾ ಎಂದಾಗಲೆಲ್ಲ ನಾನು ಕುರ್ಚಿಯಿಂದ ಏಳಲಾರದೆ ಕುಳಿತಲ್ಲಿಂದಲೇ ‘ಕುದುರೆ ಹಾಗಿದೀನಿ’ ಎನ್ನುತ್ತಿದ್ದೆ.

ಆದದ್ದನ್ನು ಮೊದಲಿಂದ ಹೇಳುತ್ತೇನೆ. ಐದು ತಿಂಗಳ ಹಿಂದೆ ನನ್ನ ಬಲ ಮಂಡಿಯನ್ನು ಬದಲಿಸಿದರು. ಮೂವತ್ತನಾಲ್ಕು ವರ್ಷ ಮಂಡಿಯೂರಿ ಪರರ ಮನೆಗೆ ಟೈಲ್ಸ್ ಹಾಸಿದ ಮಂಡಿ ಅದು. ಒಳಗಿನ ಮೆತ್ತೆಯೆಲ್ಲ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ‘ಇಲ್ಲಿ ಸವೆಯೋದಕ್ಕೆ ಇನ್ನೇನೂ ಉಳಿದಿಲ್ಲ ಮೇಸ್ತ್ರಿ’ ಎಂದರು ಡಾಕ್ಟರು. ಆಪರೇಷನ್ನಿನ ಮರುದಿನವೇ ಇಬ್ಬರು ನರ್ಸುಗಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ನಿಂತೆ ಕಣೇ! ಹಿಂದಿನ ದಿನ ಕೊಯ್ದ ಕಾಲಿನ ಮೇಲೆ, ಯಾರೋ ಎಲ್ಲಿಯೋ ಮಾಡಿದ ಲೋಹದ ಕೀಲಿನ ಮೇಲೆ, ನನ್ನ ಎಪ್ಪತ್ತೆಂಟು ಕಿಲೋ ನಿಂತಿತು. ಕಿಟಕಿಯ ಆಚೆ ಹಿಂದಿನ ಅಂಗಳದಲ್ಲಿ ಆಸ್ಪತ್ರೆಯ ಹಾಸಿಗೆ ವಸ್ತ್ರಗಳು ಸಾಲಾಗಿ ಒಣಗುತ್ತಿದ್ದವು. ಮನುಷ್ಯ ಮನುಷ್ಯನನ್ನು ಇಷ್ಟರ ಮಟ್ಟಿಗೆ ರಿಪೇರಿ ಮಾಡಬಲ್ಲನೇ ಎಂದು ಬಾಯಿ ಕಳೆದು ನೋಡುತ್ತಾ ನಿಂತೆ.

ಆರು ವಾರದಲ್ಲಿ ನೋವು ಇಳಿಯುತ್ತದೆ ಎಂದಿದ್ದರು. ಇಳಿಯಲಿಲ್ಲ. ಮಂಡಿಯ ಹೊರಮಗ್ಗುಲಿನಲ್ಲಿ ಅಂಗೈಯಗಲ ಜಾಗ ಮುಟ್ಟಿದರೂ ಗೊತ್ತಾಗುವುದಿಲ್ಲ. ಅದರ ಪಕ್ಕದಲ್ಲೇ ಹೊದಿಕೆಯ ಅಂಚು ತಾಗಿದರೂ ಬೆಂಕಿ. ಕುಳಿತು ಎದ್ದರೆ ಒಳಗೆ ಯಾರೋ ಹಲ್ಲು ಕಡಿದಂತೆ. ಕೆಳಗಿನ ಮನೆಯ ದರ್ಜಿಗೆ ಎರಡೂ ಮಂಡಿ ಬದಲಿಸಿದ್ದಾರೆ, ಗೊತ್ತಲ್ಲ? ಎರಡೇ ತಿಂಗಳಿಗೆ ಮೆಟ್ಟಿಲ ಮೇಲೆ ಅಳಿಲಿನ ಹಾಗೆ ಓಡಾಡಿದ ಪುಣ್ಯಾತ್ಮ. ನನ್ನನ್ನು ಕಂಡಾಗಲೆಲ್ಲ, ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ ಮೇಸ್ತ್ರಿ, ಎಲ್ಲಾ ಇಲ್ಲಿರೋದು’ ಎಂದು ಹಣೆ ತೋರಿಸುತ್ತಾನೆ. ನಾನು ಹಲ್ಲು ಕಿರಿಯುತ್ತಿದ್ದೆ. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಗೋಡೆಗೆ ಒರಗುತ್ತಿದ್ದೆ.

ಮೂರನೆಯ ತಿಂಗಳು ತಮ್ಮನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ಪರೀಕ್ಷೆ ಮಾಡಿದರು, ಕೀವಿಲ್ಲ. ಎಕ್ಸ್‌ರೇ ತೆಗೆದರು, ಕೀಲು ಸಡಿಲವಾಗಿಲ್ಲ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ‘ಪುಸ್ತಕದಲ್ಲಿ ಅಚ್ಚು ಹಾಕಿಸೋ ಹಾಗಿದೆ’ ಎಂದು ಸಂತೋಷಪಟ್ಟರು. ನಿಜಕ್ಕೂ ಚೆಂದವಿತ್ತು. ಮೂಲೆಮಟ್ಟ ಇಟ್ಟು ಕೂರಿಸಿದಂತೆ, ಒಂದು ಕೂದಲೆಳೆಯಷ್ಟೂ ಓರೆಯಿಲ್ಲ. ‘ಆದ್ರೂ ನೋಯುತ್ತೆ ಸಾರ್’ ಎಂದೆ. ಡಾಕ್ಟರು ಬಾಯಿ ತೆರೆಯುವ ಮೊದಲೇ ನನ್ನ ತಮ್ಮ ನಕ್ಕ. ‘ಏನಣ್ಣಾ ನೀನು! ಫೋಟೋದಲ್ಲಿ ಎಲ್ಲಾ ಸರಿಯಾಗಿದೆ ಅಂತಿದ್ದಾರೆ, ನೀನೊಬ್ನೇ ಇಲ್ಲ ಅಂತೀಯ. ಫೋಟೋ ಸುಳ್ಳು ಹೇಳುತ್ತಾ?’

ಅವನು ಕೆಟ್ಟವನಲ್ಲ. ಆದರೆ ಆ ಮಾತು ಅವನದಲ್ಲ, ನನ್ನದು. ನಿನ್ನ ಭುಜದ ಎಕ್ಸ್‌ರೇ ಬಂದಾಗ ನಿನ್ನೆದುರು ನಾನು ಆಡಿದ್ದು ಇದನ್ನೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಆವತ್ತು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡಿದ್ದ ತಮ್ಮ ಅದೇ ರಾಗದಲ್ಲಿ ನನಗೇ ಹಿಂದಿರುಗಿಸಿದ್ದ. ನಾನು ಆ ಕೋಣೆಯ ಸ್ಟೂಲಿನ ಮೇಲೆ ಕುಳಿತು, ಈ ಮಾತು ಕೇಳಿದವರಿಗೆ ಹೇಗಿರುತ್ತದೆ ಎಂದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ತಿಳಿದುಕೊಂಡೆ.

ನೀನು ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಇಳಿಯುವಾಗ ಜಾರಿಬಿದ್ದು ಭುಜ ಮುರಿದುಕೊಂಡು ಹನ್ನೊಂದು ವರ್ಷವಾಯಿತು. ಮೂಳೆ ಮೂರು ತಿಂಗಳಿಗೆ ಕೂಡಿತು. ನೋವು ಉಳಿಯಿತು. ಮಗಳಿಗೆ ಜಡೆ ಹಾಕುವುದನ್ನು ಬಿಟ್ಟೆ. ಮೇಲಿನ ಗೂಡಿನ ಡಬ್ಬಿಗಳೆಲ್ಲ ಕೆಳಗೆ ಬಂದವು. ನಾನು ಅದಕ್ಕೆಲ್ಲ ಸೋಮಾರಿತನ ಎಂದು ಹೆಸರಿಟ್ಟೆ. ಶಾಲೆಯ ನೆಲದ ಕೆಲಸ ಮುಗಿದ ದಿನ ನನ್ನ ಆರು ಜನ ಕೆಲಸಗಾರರನ್ನು ಊಟಕ್ಕೆ ಕರೆದಿದ್ದೆನಲ್ಲ. ನೀನು ತಂದ ಗಾಜಿನ ಲೋಟಗಳ ತಟ್ಟೆ ಕೈತಪ್ಪಿ ಬಿತ್ತು. ನಾನು ಎಲ್ಲರೆದುರಿಗೆ, ‘ನಮ್ಮನೆಯವಳ ಬಲಗೈಗೆ ವಾರಪೂರ್ತಿ ಭಾನುವಾರ ಕಣ್ರೋ’ ಎಂದೆ. ಎಲ್ಲರೂ ನಕ್ಕರು. ನೀನು ಎಡಗೈಯಲ್ಲಿ ಚೂರುಗಳನ್ನು ಆರಿಸಿದೆ, ಒಳಗೆ ಹೋದೆ, ಬೇರೆ ಲೋಟ ತಂದೆ.

ತಿಂಗಳಾದ ಮೇಲೆ ನಿನ್ನ ಅಕ್ಕನ ಮನೆಗೆ ಹೋದವಳು ಬರಲಿಲ್ಲ. ‘ಅವಳ ಅಕ್ಕನಿಗೆ ಹುಷಾರಿಲ್ಲ’ ಎಂದು ಎಲ್ಲರಿಗೂ ಹೇಳಿದೆ. ಆ ಪುಣ್ಯಾತ್ಗಿತ್ತಿಗೆ ಐದು ವರ್ಷದಲ್ಲಿ ನನ್ನ ಬಾಯಲ್ಲಿ ಬರದ ಕಾಯಿಲೆಯಿಲ್ಲ. ಗಟ್ಟಿಮುಟ್ಟಾಗಿದ್ದಾರೆಂದು ಮಗಳು ಹೇಳಿದಳು. ನನ್ನ ಪರವಾಗಿ ಕ್ಷಮೆ ಕೇಳು.

ನಾನು ಎಂಥ ದಡ್ಡ ಗೊತ್ತೇ? ಹಾಸಿದ ನೆಲವನ್ನು ನಾನು ಯಾವತ್ತೂ ಕಣ್ಣಿನಿಂದ ನೋಡಿ ಒಪ್ಪಿದವನಲ್ಲ. ಮೇಲೆ ಕನ್ನಡಿಯಂತಿದ್ದರೂ ಕರಣೆಯ ಹಿಡಿಯಿಂದ ಒಂದೊಂದು ಟೈಲನ್ನೂ ತಟ್ಟಿ, ಕಿವಿಕೊಟ್ಟು, ಟೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಹಾಸಿದವನು. ಕಲ್ಲಿನ ಮಾತು ಕೇಳಿದೆ. ನಿನ್ನದು ಕೇಳಲಿಲ್ಲ.

ಆವತ್ತು ಡಾಕ್ಟರು ತಮ್ಮನ ಮಾತಿಗೆ ನಗಲಿಲ್ಲ. ಹತ್ತರಲ್ಲಿ ಒಬ್ಬಿಬ್ಬರಿಗೆ ಹೀಗೆ ನೋವು ಉಳಿದುಬಿಡುತ್ತದೆ, ಮೂಳೆಯದಲ್ಲ, ನರಗಳದು ಎಂದು ಹೇಳಿ, ಮೇಲಿನ ಮಹಡಿಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿಯ ಬಳಿ ಕಳಿಸಿದರು. ಕಡ್ಡಿಯಂಥ ಮೈ, ಕಹಳೆಯಂಥ ಗಂಟಲು. ನಾನು ಅವಳಿಗೆ ಹವಾಲ್ದಾರಮ್ಮ ಎಂದು ಹೆಸರಿಟ್ಟಿದ್ದೇನೆ. ಅವಳಿಗೂ ಗೊತ್ತು. ಮೊದಲ ದಿನವೇ ಪುಸ್ತಕ ತೆರೆದು ಕೇಳಿದಳು, ‘ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ. ನಿಮ್ಮದೆಷ್ಟು?’

ನಾನು ‘ಏಳು’ ಎಂದೆ. ಪಕ್ಕದ ಮಂಚದಲ್ಲಿ ಮಲಗಿದ್ದ ಮುದುಕರು ತಮಗೇ ಹೇಳಿದ್ದೆಂದು ಎದ್ದು ಕುಳಿತರು. ಅವಳು ಅವರನ್ನು ಮಲಗಿಸಿ ಬಂದು ಪುಸ್ತಕದಲ್ಲಿ ಬರೆದುಕೊಂಡಳು. ಅಷ್ಟೇ. ನಾನು ಕಾಯುತ್ತಿದ್ದೆ: ಈಗ ಕೇಳುತ್ತಾಳೆ, ನಿಜವಾಗಿಯೂ ಏಳಾ, ಫೋಟೋ ಚೆನ್ನಾಗಿದೆಯಲ್ಲ ಎಂದು. ಕೇಳಲಿಲ್ಲ. ನಾನೇ ತಡೆಯಲಾರದೆ, ‘ಜಾಸ್ತಿ ಹೇಳಿದ್ನೇನೋ ಅಮ್ಮಾ’ ಎಂದೆ. ಅವಳು ತಲೆಯನ್ನೂ ಎತ್ತಲಿಲ್ಲ. ‘ನೋವು ನಿಮ್ಮದು. ನೀವು ಏಳು ಅಂದ್ರೆ ಏಳು.’

ಇವಳೇ, ನಾನು ಅತ್ತುಬಿಟ್ಟೆ. ಆ ಮುದುಕರ ಎದುರಿಗೇ. ನೋವಿಗಲ್ಲ. ನೀನು ಹೋಗುವವರೆಗೆ ಆರು ವರ್ಷ ಒಂದೇ ಮನೆಯಲ್ಲಿದ್ದು ನಿನ್ನ ಸಂಖ್ಯೆ ಎಷ್ಟೆಂದು ನಾನು ಒಂದು ದಿನ ಕೇಳಲಿಲ್ಲವಲ್ಲ ಎಂದು.

ಹವಾಲ್ದಾರಮ್ಮ ಹೇಳುವುದು ಇಷ್ಟು. ನೋವೆಂದರೆ ಬೆಂಕಿ ಬಿದ್ದಾಗ ಹೊಡೆಯುವ ಗಂಟೆ. ಬೆಂಕಿ ಆರಿದ ಮೇಲೂ ನನ್ನದು ಹೊಡೆದುಕೊಳ್ಳುತ್ತಲೇ ಇದೆ. ಗಂಟೆಯನ್ನು ಬೈದರೆ ನಿಲ್ಲುವುದಿಲ್ಲ, ಹೆದರಿ ಮಲಗಿದರೆ ಇನ್ನೂ ಜೋರಾಗುತ್ತದೆ. ಚೆನ್ನಾಗಿರುವ ದಿನ ಹಟಕ್ಕೆ ಬಿದ್ದು ಹೆಚ್ಚು ಮಾಡಬಾರದು, ಕೆಟ್ಟ ದಿನ ಪೂರ್ತಿ ಬಿಡಬಾರದು. ಕೆಲಸವನ್ನು ಒಡೆದು ಒಡೆದು ಮಾಡಬೇಕು, ನೋವು ‘ನಿಲ್ಲು’ ಅನ್ನುವ ಮೊದಲೇ ನಿಲ್ಲಬೇಕು. ಮೊದಲ ವಾರ ಬೀದಿ ದೀಪದ ಕಂಬದವರೆಗೆ, ಆಮೇಲೆ ಔಷಧದ ಅಂಗಡಿಯವರೆಗೆ. ಅವಳು ಹೇಳುತ್ತಾ ಹೋದಂತೆ ನನಗೆ ಹೊಳೆಯಿತು. ಇದನ್ನೆಲ್ಲ ನಾನು ನೋಡಿದ್ದೇನೆ!

ನೀನು ಬಟ್ಟೆಯ ರಾಶಿಯನ್ನು ಮೂರು ಪಾಲು ಮಾಡಿ, ಒಂದು ಪಾಲು ಇಸ್ತ್ರಿ ಮಾಡಿ, ಅರ್ಧ ಗಂಟೆ ಕುಳಿತು ಅವರೆಕಾಯಿಯನ್ನೋ ಇನ್ನೇನನ್ನೋ ಬಿಡಿಸಿ, ಆಮೇಲೆ ಎರಡನೆಯ ಪಾಲಿಗೆ ಏಳುತ್ತಿದ್ದೆ. ‘ಒಂದು ಕೆಲಸ ನೆಟ್ಟಗೆ ಮುಗಿಸಲ್ಲ’ ಎಂದು ನಾನು ಗೊಣಗುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನ ಚೀಲ ಭುಜಕ್ಕೆ ಕೊಟ್ಟು, ಕಿಟಕಿಯ ಸರಳು ಹಿಡಿದು, ಒಂದೊಂದು ದಿನಕ್ಕೆ ಒಂದೊಂದು ಸರಳು ಮೇಲೆ ಕೈ ಏರಿಸುತ್ತಿದ್ದೆ. ನೋವು ಜೋರಾದಾಗ ಮಗ್ಗಿ ಹೇಳಿಕೊಳ್ಳುತ್ತಿದ್ದೆ, ಹದಿನೇಳರ ಮಗ್ಗಿ. ಮಗಳಿಗೆ ಕಲಿಸುತ್ತಿದ್ದೀಯ ಎಂದುಕೊಂಡಿದ್ದೆ. ನಿನಗೆ ಯಾವ ಹವಾಲ್ದಾರಮ್ಮನೂ ಇರಲಿಲ್ಲ, ಪುಸ್ತಕವಿರಲಿಲ್ಲ, ನಂಬುವ ಒಂದು ಜೀವವೂ ಮನೆಯಲ್ಲಿರಲಿಲ್ಲ. ಇವರು ವರ್ಷಗಟ್ಟಲೆ ಓದಿ ಕಲಿತದ್ದನ್ನು ನೀನು ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಕಂಡುಹಿಡಿದೆ. ನಾನು ದೊಡ್ಡ ದೊಡ್ಡ ಕಟ್ಟಡ ಕಂಡಿದ್ದೇನೆ, ಇಷ್ಟು ಬೆರಗಾದದ್ದಿಲ್ಲ.

ಇದನ್ನೆಲ್ಲ ಹವಾಲ್ದಾರಮ್ಮನಿಗೆ ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು. ‘ನಿಮ್ಮನೆಯವ್ರು ನನಗಿಂತ ದೊಡ್ಡ ಡಾಕ್ಟ್ರು ಬಿಡಿ. ಹದಿನೇಳರ ಮಗ್ಗಿ ಯಾಕೆ, ಹದಿನಾರರದ್ದು ಯಾಕಲ್ಲ?’ ಎಂದಳು. ಎರಡನ್ನೂ ನಾನೇ ಹೇಳಿ ನೋಡಿದೆ. ಹದಿನಾರರದ್ದು ನಾಲಗೆಯ ಮೇಲೆ ತಾನೇ ಓಡುತ್ತದೆ. ಹದಿನೇಳರದ್ದಕ್ಕೆ ತಲೆಯೆಲ್ಲ ಬೇಕು, ನೋವಿಗೆ ಜಾಗ ಉಳಿಯುವುದಿಲ್ಲ. ಎಂಥ ಬುದ್ಧಿ ನಿನ್ನದು!

ಗುರುವಾರ ಸಂಜೆ ಅಲ್ಲಿ ನಮ್ಮಂಥವರೆಲ್ಲ ಸೇರುತ್ತಾರೆ. ಫೋಟೋ ಚೆನ್ನಾಗಿದ್ದೂ ನೋವು ಬಿಡದವರು. ಒಬ್ಬರು ಬಸ್ ಡ್ರೈವರ್, ಒಬ್ಬರು ಸಂಗೀತದ ಮೇಷ್ಟ್ರು, ಹೋಟೆಲಿನಲ್ಲಿ ಅಡುಗೆ ಮಾಡುವ ಒಬ್ಬ ಹೆಂಗಸು, ನನ್ನನ್ನೂ ಸೇರಿಸಿ ಎಂಟು ಜನ. ಎರಡು ವಾರದ ಹಿಂದೆ ನಿನ್ನ ವಿಷಯ ಹೇಳಿದೆ. ಕಳೆದ ವಾರ ಆ ಅಡುಗೆಯವರು ಬಂದವರೇ, ‘ಮೇಸ್ತ್ರಿಗಳೇ, ಹದಿನೇಳೆಂಟ್ಲೆ ನೂರ ಮೂವತ್ತಾರು!’ ಎಂದು ಕೈ ಎತ್ತಿ ತೋರಿಸಿದರು. ಆ ಕೈ ಭುಜದ ಮಟ್ಟಕ್ಕೆ ಏರಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ನೀನು ಮುಖವನ್ನೂ ನೋಡದ ಹೆಂಗಸು ಅವರು.

ನನ್ನ ಸಂಖ್ಯೆ ಈಗ ಒಳ್ಳೆಯ ದಿನ ನಾಲ್ಕು, ಕೆಟ್ಟ ದಿನ ಆರು. ಸೊನ್ನೆಯಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಮೊನ್ನೆ ಮೊದಲ ಸಲ ತಮ್ಮನ ಕೈ ಬಿಟ್ಟು, ಬರೀ ಕಂಬಿ ಹಿಡಿದು ಮೂವತ್ತೆರಡು ಮೆಟ್ಟಿಲನ್ನೂ ನಿಂತು ನಿಂತು ಇಳಿದೆ. ಕೆಳಗೆ ದರ್ಜಿ, ‘ನೋಡಿದ್ರಾ, ಮನಸ್ಸು ಗಟ್ಟಿ ಮಾಡಿದ್ರೆ ಆಯ್ತು’ ಎಂದ. ‘ಇಲ್ಲಪ್ಪ, ನೋಯ್ತಾ ಇದೆ, ನೋಯ್ತಾನೇ ಇಳಿದೆ’ ಎಂದೆ. ಅಷ್ಟು ಹೇಳಲು ನನಗೆ ಐದು ತಿಂಗಳು ಹಿಡಿಯಿತು.

ವಾಪಸು ಬಾ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅಷ್ಟು ಮುಖ ನನಗಿಲ್ಲ. ಆ ಜನ ನಿನ್ನನ್ನು ನೋಡಬೇಕಂತೆ. ಒಂದು ಗುರುವಾರ ಬಂದು ನೀನು ಹೇಗೆ ಹೇಗೆ ಮಾಡಿದೆಯೆಂದು ನಿನ್ನ ಬಾಯಿಂದಲೇ ಹೇಳಬೇಕಂತೆ. ಹವಾಲ್ದಾರಮ್ಮ ನನ್ನ ಕೈಲಿ ಆಣೆ ಹಾಕಿಸಿಕೊಂಡು ಕೇಳಿಸುತ್ತಿದ್ದಾಳೆ. ಬರುವುದೂ ಬಿಡುವುದೂ ನಿನ್ನಿಷ್ಟ. ಇವತ್ತು ನಿನ್ನ ಭುಜ ಎಷ್ಟು? ಅದೊಂದನ್ನು ಬರೆದರೂ ಸಾಕು. ನೀನು ಎಷ್ಟು ಅನ್ನುತ್ತೀಯೋ ಅಷ್ಟೇ.

ಇಂತಿ,
ನೀನು ‘ರೀ’ ಎಂದು ಕರೆಯುತ್ತಿದ್ದವನು

ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು: ಮೇಲಿನದೆಲ್ಲ ನಿಜ, ಆದರೆ ಪೂರ್ತಿ ನಿಜವಲ್ಲ. ನಿನ್ನ ಭುಜದ ಕಟ್ಟು ಬಿಚ್ಚಿದ ದಿನ, ನೀನು ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, ಆ ಡಾಕ್ಟರು ನನ್ನನ್ನು ಒಳಗೆ ಕರೆದಿದ್ದರು. ‘ಮೂಳೆ ಕೂಡಿದೆ, ಆದ್ರೆ ಇವ್ರಿಗೆ ನೋವು ವರ್ಷಗಟ್ಲೆ ಉಳಿಯಬಹುದು. ಅವ್ರು ನೋಯುತ್ತೆ ಅಂದಾಗ ನಂಬಿ’ ಎಂದಿದ್ದರು. ನಾನು ಹೊರಗೆ ಬಂದು ‘ಎಲ್ಲಾ ಸರಿಹೋಗಿದೆಯಂತೆ’ ಎಂದೆ. ಆಗ ಕೈತುಂಬ ಕೆಲಸವಿತ್ತು. ಹೇಳಿದರೆ ನೀನು ಕುಳಿತುಬಿಡುತ್ತೀಯ, ಮನೆ ನನ್ನ ತಲೆಗೆ ಬರುತ್ತದೆ ಎಂದು ಹೆದರಿದೆ. ಆಮೇಲೆ ನನ್ನ ಸುಳ್ಳನ್ನು ನಾನೇ ನಂಬಿದೆ. ನೀನು ಬರುವುದಾದರೆ ಆ ಗುರುವಾರ ನಾನು ಅಲ್ಲಿಗೆ ಹೋಗುವುದಿಲ್ಲ. ನನ್ನ ಬಗ್ಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು. ಅವರು ನಂಬುತ್ತಾರೆ.