ಬೀದಿಗೆ ಮುಖ ಮಾಡಿದ ಹೂಗಳು

ಮಹಾರಾಯ್ತಿ,

ಕಳಿಸುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ನೀನು ಮುನಿಸಿಕೊಂಡು ಅಕ್ಕನ ಮನೆ ಸೇರುವ ಮುಂಚೆ ಕತ್ತರಿಸಿಟ್ಟಿದ್ದ ಹೂವಿನ ಬಟ್ಟೆಯಿಂದ ಇವತ್ತು ಕಿಟಕಿಗೆ ಪರದೆ ಹೊಲಿದೆ. ಹೊಲಿದೆ ಅನ್ನುವುದಕ್ಕಿಂತ ಪರದಾಡಿದೆ ಅನ್ನು. ಅಂಚಿನ ಹೊಲಿಗೆ ಕುಡುಕನ ನಡಿಗೆಯಂತಿದೆ.

ನೇತುಹಾಕಿದ್ದನ್ನು ಎದುರುಮನೆಯ ಟೈಲರಮ್ಮ ಬೀದಿಯಿಂದಲೇ ನೋಡಿ ನಕ್ಕರು.

"ಅಯ್ಯೋ ಮೇಷ್ಟ್ರೇ, ಉಲ್ಟಾ ಹಾಕಿದ್ದೀರಲ್ಲ! ಹೂವು ಮನೆ ಒಳಗೆ ಕಾಣ್ಬೇಕು, ಬೀದಿಗಲ್ಲ."

"ಒಳಗೆ ನೋಡೋರು ಯಾರಿದ್ದಾರಮ್ಮ?"

"ನಿಮ್ಮ ಮನೆಯವರು ಬಂದ್ರೆ ಬೈತಾರೆ, ನೋಡ್ತಿರಿ!"

ಬೈಯಲಿ ಎಂದು ಹಾಗೇ ಬಿಟ್ಟಿದ್ದೇನೆ. ಟೈಲರಮ್ಮನಿಗೆ ಹೇಳಲಿಲ್ಲ, ಸಂಜೆ ನಿನ್ನ ಆಫೀಸಿನ ಬಸ್ಸು ಈ ಕಿಟಕಿಯ ಮುಂದೆಯೇ ಹೋಗುತ್ತದೆ. ನೀನು ಕೂರುವುದು ಈ ಕಡೆಯ ಸೀಟಿನಲ್ಲೇ. ಮುಖ ಮಾತ್ರ ಆ ಕಡೆಗೆ.