ಹಿಂದೆ ಬಾರದ ಕಾಲಾಳು

ಬಾಡ, ಕುಮಟಾ ತಾಲೂಕು
೨೦ ಸೆಪ್ಟೆಂಬರ್ ೨೦೨೫, ಶನಿವಾರ

ಪ್ರೀತಿಯ ನಾಗಣ್ಣನಿಗೆ,

…ಮೊದಲು ಹೋದವನಿಗೆ ಬಂಗಡೆ ಮೀನು, ಆಮೇಲೆ ಹೋದವನಿಗೆ ಬರೀ ಉಪ್ಪುನೀರು ಎಂದೋ ಏನೋ ಹೇಳಿದ್ದೆ ನೀನು, ಸಮುದ್ರಕ್ಕೆ ಹೊರಟು ಅಂಗಳ ದಾಟುವಾಗ. ಅರ್ಧ ಮಾತ್ರ ನೆನಪಿದೆ. ಹೇಗಿದ್ದೀಯಾ? ಎಡಗಾಲಿನ ಮಂಡಿನೋವು ಕಡಿಮೆಯಾಯಿತೇ? ನೀನಿರುವಲ್ಲಿ ಥಂಡಿ ಹೆಚ್ಚಿರಬಹುದು. ಈ ಪತ್ರವನ್ನು ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲದಿದ್ದರೂ ಆರೋಗ್ಯ ಕೇಳದೆ ಶುರುಮಾಡುವುದು ನನ್ನಿಂದಾಗದು. ಅಮ್ಮ ಊಟ ಮಾಡುತ್ತಾಳೆ, ಮಾತು ಕಡಿಮೆ. ದೇವಿ ಅತ್ತಿಗೆ ಮೀನುಬುಟ್ಟಿ ಹೊತ್ತು ಕುಮಟಾ ಪೇಟೆಗೆ ಹೋಗಿಬರುತ್ತಾಳೆ. ನಾನು ಪಾಠ ಮಾಡುವ ಹೊನ್ನಾವರದ ಕಾಲೇಜಿಗೆ ರಜೆ ಹಾಕಿ ನಿನ್ನೆ ಬಂದೆ.

ನೂಲ ಹುಣ್ಣಿಮೆಗೆ ಪೂಜೆ ಮಾಡಿ ಸಮುದ್ರಕ್ಕೆ ಕಾಯಿ ಒಗೆಯುವವರೆಗೆ ನಮ್ಮ ಕೇರಿಯ ದೋಣಿಗಳು ನೀರಿಗಿಳಿಯುವುದಿಲ್ಲ. ನೀನು ಅದಕ್ಕೂ ಮುಂಚೆ ಇಳಿದೆ. ಆ ಬೆಳಿಗ್ಗೆ ಜಗಲಿಯಲ್ಲಿ ನಾವಿಬ್ಬರೂ ಚದುರಂಗಕ್ಕೆ ಕೂತಿದ್ದೆವು. ನಿನ್ನದು ಯಾವಾಗಿನಂತೆ ಕಪ್ಪು. ನಾನು ಒಂಟೆಯನ್ನು ಮುಂದೆ ಬಿಟ್ಟೆ. ನೀನು ಅದನ್ನು ಅಟ್ಟಲು ರಾಜನ ಪಕ್ಕದ ಕಾಲಾಳುಗಳನ್ನು ಒಂದಾದ ಮೇಲೊಂದು ನೂಕಿದೆ. ನಿನ್ನ ಕುದುರೆಗಳು ಲಾಯದಲ್ಲೇ ಇದ್ದವು, ಆನೆಗಳು ಮೂಲೆಯಲ್ಲೇ. "ಮಾಸ್ತರಾ, ನಿನ್ನ ಒಂಟಿ ಓಡಿ ಓಡಿ ಸೋತೋತು ನೋಡು," ಎಂದು ನೀನು ನಕ್ಕೆ. ಆಟದ ಇಂಥ ಅಪಾಯದ ಆರಂಭಗಳಲ್ಲಿ ಕಾಲಾಳನ್ನು ಅವಸರದಿಂದ ನೂಕಬಾರದೆಂದು ನಾನು ಎಷ್ಟು ಸಲ ಹೇಳಿದ್ದೆ. ಕುದುರೆ ತಪ್ಪಿದರೆ ತಿರುಗಿ ಬರುತ್ತದೆ, ಆನೆಯೂ ಬರುತ್ತದೆ. ಕಾಲಾಳಿಗೆ ಮಾತ್ರ ಹಿಂದಿನ ಮನೆ ಇಲ್ಲ. ಅದು ಬಿಟ್ಟುಹೋದ ಜಾಗ ತೆರೆದೇ ಇರುತ್ತದೆ, ಆ ಕಂಡಿಯಿಂದ ಯಾರು ಬೇಕಾದರೂ ಒಳಗೆ ಬರಬಹುದು. "ಪುಸ್ತಕದ ಗಾಳಿನೇ ಬೇರೆ, ಸಮುದ್ರದ ಗಾಳಿನೇ ಬೇರೆ," ಎಂದು ನೀನು ಒಂಟೆಯನ್ನು ತಿಂದೆ. ಈಗ ನನ್ನ ರಾಣಿ ಓರೆಯಾಗಿ ಹಲಗೆಯ ಅಂಚಿಗೆ ಹೋಗಿ ನಿಂತರೆ ಸಾಕು, ನಿನ್ನ ರಾಜನಿಗೆ ಕದಲಲು ಒಂದು ಮನೆಯೂ ಉಳಿಯುವುದಿಲ್ಲ. ಅದನ್ನು ನಡೆಸುವಷ್ಟರಲ್ಲಿ ನೀನು ಎದ್ದುಬಿಟ್ಟೆ. ದಂಡೆಯಲ್ಲಿ ಯಾರೋ ನಿನ್ನ ಹೆಸರು ಹಿಡಿದು ಕೂಗಿದರು, ಬಂಗಡೆಯ ಹಿಂಡು ಬಂದಿದೆ ಎಂದರು ಎಂದೆ ನೀನು. ನನಗೆ ಯಾವ ಕೂಗೂ ಕೇಳಿಸಿರಲಿಲ್ಲ. ಆಮೇಲೆ ಕೇರಿಯಲ್ಲೆಲ್ಲ ವಿಚಾರಿಸಿದೆ. ಆ ಹೊತ್ತಿಗೆ ದಂಡೆಯಲ್ಲಿ ಯಾರೂ ಇರಲಿಲ್ಲವಂತೆ.

ನಿನ್ನ ದೋಣಿ ಹೊನ್ನಾವರದ ಅಳಿವೆಯಲ್ಲಿ ಸಿಕ್ಕಿತು. ಒಳಗೆ ಬಲೆ ಮಡಿಸಿದ ಹಾಗೇ ಇತ್ತು, ಒಣಗಿತ್ತು. ಅದರ ಹಿಂದಿನ ದಿನ ಮಾವಳ್ಳಿಯ ದೋಣಿಯವರು ದೂರದಿಂದ ನಿನ್ನನ್ನು ಕಂಡಿದ್ದರಂತೆ. ಹುಟ್ಟು ಹಾಕದೆ, ಎದುರಿಗೆ ಯಾರೋ ಕೂತಿರುವ ಹಾಗೆ, ಗಲ್ಲಕ್ಕೆ ಕೈಕೊಟ್ಟು ಬಗ್ಗಿ ಯೋಚಿಸುತ್ತಿದ್ದೆಯಂತೆ. ಕೂಗಿದರೂ ತಲೆ ಎತ್ತಲಿಲ್ಲವಂತೆ. ಅತ್ತಿಗೆ ಈ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ.

ನಾನು ಬಂದದ್ದು ಇದಕ್ಕೆ. ನಾಳೆ ಮಹಾಲಯ ಅಮಾವಾಸ್ಯೆ. ಹುಲ್ಲಿನ ಆಕಾರ ಮಾಡಿ ನಿನ್ನ ಹೆಸರಿನಲ್ಲಿ ದಂಡೆಯಲ್ಲಿ ಸುಡುವುದೆಂದು ದುರ್ಗ ಮಾವ ನಿಶ್ಚಯ ಮಾಡಿಬಿಟ್ಟಿದ್ದಾನೆ. ಆದ ಮೇಲೆ ಅತ್ತಿಗೆಯ ಬಳೆ ಒಡೆಯುತ್ತಾರೆ. ಅವಳು ಎಲ್ಲರೆದುರು ಹೇಳಿದಳು: "ಅವ್ರು ಕಾಯಿ ಒಗಿಯೂಕೂ ಮೊದ್ಲೇ ಹೋದ್ರು. ನೀವು ಅವ್ರು ಬರೂಕೂ ಮೊದ್ಲೇ ಕಳಸ್ತ್ರಿ. ಎಂತಾ ಅವಸ್ರ ನಿಮ್ಗೆ?" ತಮ್ಮನಾಗಿ ಬೆಂಕಿ ಇಡಬೇಕಾದವನು ನಾನು. ನಾನು ಒಲ್ಲೆನೆಂದರೆ ಶಾಸ್ತ್ರ ನಿಲ್ಲುತ್ತದೆ. ಅದು ಗೊತ್ತಿದ್ದೂ ಹೂಂ ಎಂದಿದ್ದೇನೆ. ಸಮುದ್ರಕ್ಕೆ ಹೋದವನು ಹಿಂದೆ ಬರಲು ಹೀಗೆ ಒಂದೂವರೆ ತಿಂಗಳು ಬೇಕಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಲೆಕ್ಕದಲ್ಲಿ ನಾನು ತಪ್ಪುವುದು ಕಡಿಮೆ, ನಿನಗೆ ಗೊತ್ತು.

ಇನ್ನೊಂದು ಕೆಲಸ ಬಾಕಿ ಇದೆ. ದೋಣಿಗೆ ಹೋದವನು ಎದ್ದುಹೋದ ಜಾಗವನ್ನು ಅವನು ಬರುವವರೆಗೆ ಗುಡಿಸಬಾರದಲ್ಲ, ಅದಕ್ಕೆ ಜಗಲಿಯಲ್ಲಿ ಹಲಗೆ ಹಾಗೇ ಇದೆ. ನಿನ್ನ ಚಾಪೆಯ ಮೇಲೆ ಸಣ್ಣ ಮರಳು, ಧೂಳು ಹಿಟ್ಟಿನಂತೆ ಕೂತಿದೆ. "ಆಟ ಮುಗ್ಸಿ ಜಾಗ ಗುಡ್ಸು ಮಾರಾಯಾ. ಅರ್ಧಕ್ಕೆ ಬಿಟ್ಟದ್ನ ಹೋದವ್ರು ಹುಡಕ್ಕಂಡು ಬತ್ರು," ಎಂದ ದುರ್ಗ ಮಾವ. ನಿನ್ನೆ ಸಂಜೆ ಬಂದಾಗ ಹಲಗೆಯನ್ನು ನೋಡಿದೆ, ಎಲ್ಲ ನಾವು ಬಿಟ್ಟ ಹಾಗೇ ಇತ್ತು. ಈ ಪತ್ರ ಮುಗಿಸಿ ಹೋಗಿ ರಾಣಿಯನ್ನು ನಡೆಸುತ್ತೇನೆ. ನೀನು ಸಿಟ್ಟಾಗುವುದಿಲ್ಲ ಎಂದುಕೊಳ್ಳುತ್ತೇನೆ. ಸೋತಾಗ ನೀನು ಎಂದೂ ಸಿಟ್ಟಾದವನಲ್ಲ, ಇನ್ನೊಂದಾಟ ಎನ್ನುತ್ತಿದ್ದೆ ಅಷ್ಟೆ.

ಅಮ್ಮನ ಆಶೀರ್ವಾದ. ಅತ್ತಿಗೆ ಏನೂ ಹೇಳಿಕಳಿಸಲಿಲ್ಲ, ನೀನು ಬಂದಾಗಲೇ ಹೇಳುತ್ತಾಳಂತೆ.

ನಿನ್ನ ತಮ್ಮ,
ಸುಧಾಕರ

ತಾ.ಕ.: ಈಗಷ್ಟೇ ಜಗಲಿಗೆ ಹೋಗಿ ಬಂದೆ. ರಾಣಿಯನ್ನು ಎತ್ತಿ ಹಿಡಿದವನು ಹಾಗೇ ನಿಂತೆ. ರಾಜನ ಪಕ್ಕದಿಂದ ನೀನು ಎರಡು ಮನೆ ನೂಕಿದ್ದ ಕಾಲಾಳು ಒಂದು ಮನೆ ಹಿಂದೆ ಬಂದು ನಿಂತಿದೆ. ಸರಿಯಾಗಿ ಕಂಡಿಯ ಬಾಯಿಗೆ ಅಡ್ಡ. ಈಗ ರಾಣಿ ಅಂಚಿಗೆ ಹೋದರೆ ಅದೇ ಅವಳನ್ನು ತಿನ್ನುತ್ತದೆ. ಅತ್ತಿಗೆ ಬೆಳಿಗ್ಗೆಯೇ ಪೇಟೆಗೆ ಹೋದವಳು ಬಂದಿಲ್ಲ. ಅಮ್ಮನನ್ನು ಕೇಳಿದೆ. "ಅದು ಅಂವ ಕೂರೂ ಜಾಗ. ನಾ ಎಂತಕೆ ಮುಟ್ಟೂದು?" ಎಂದಳು. ನಿನ್ನ ಚಾಪೆಯ ಧೂಳಿನಲ್ಲಿ ಒಂದು ಬೆರಳಿನ ಗುರುತೂ ಇಲ್ಲ. ಹೊರಗೆ ದುರ್ಗ ಮಾವ ಹುಲ್ಲಿನ ಕಟ್ಟು ತಂದು ಇಳಿಸಿ, ನನ್ನನ್ನು ಕರೆಯುತ್ತಿದ್ದಾನೆ. ನಾಗಣ್ಣಾ, ಬೆಂಕಿ ಇಡಲಾರೆ ಎಂದು ಈಗಲೇ ಹೋಗಿ ಹೇಳಲಾ?