ಇಲಾರಿಯೊನ ಎಡ ಅಂಗೈ

ಸಾನ್ ಪೆದ್ರೊ ದೆ ಮಾಕೊರೀಸ್
ನವೆಂಬರ್ 5, 1996

ಪ್ರೀತಿಯ ಲಿಬ್ರಾದಾ ಅಕ್ಕನಿಗೆ,

ಮೊದಲು ಆಶೀರ್ವಾದ ಕೊಟ್ಟುಬಿಡು, ಬೈಗುಳ ಆಮೇಲೆ ಕೊಡುವೆಯಂತೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆಂಬುದು ನಿಜ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಗಂಡ. ಎರಡನ್ನೂ ತಿದ್ದುವುದರಲ್ಲೇ ಅಕ್ಟೋಬರ್ ಕಳೆಯಿತು. ಉತ್ತರಪತ್ರಿಕೆಗಳಾದರೆ ತಿದ್ದಿದ ಮೇಲೆ ಸುಮ್ಮನಿರುತ್ತವೆ.

ಇಲ್ಲಿ ಎಲ್ಲರೂ ಆರೋಗ್ಯ. ನನ್ನ ಮಗಳು ಯೊಕಾಸ್ತಾಗೆ ಮುಂದಿನ ಹಲ್ಲು ಬಿದ್ದಿದೆ; ನಕ್ಕರೆ ಸಕ್ಕರೆ ಕಾರ್ಖಾನೆಯ ಗೇಟು ತೆರೆದ ಹಾಗೆ ಕಾಣುತ್ತಾಳೆ. ಹಿತ್ತಲಲ್ಲಿ ತೊಗರಿ ಕಾಯಿ ಬಿಟ್ಟಿದೆ. ತೆಂಗಿನಹಾಲು ಹಾಕಿ ಹಸಿ ತೊಗರಿಯ ಅನ್ನ ಮಾಡಿದೆ, ಆದರೆ ಅಮ್ಮನ ಕೈರುಚಿ ಬರಲಿಲ್ಲ.

ಕೈ ಎಂದೆ ನೋಡು. ಈ ಮನೆಯಲ್ಲಿ ಯಾವ ಮಾತು ತೆಗೆದರೂ ಕೈಗೇ ಬಂದು ನಿಲ್ಲುತ್ತದೆ. ಚರ್ಚಿನಲ್ಲಿ ನನ್ನ ಕೈ ಹಿಡಿದವನು ದೋರೋ. ಹೋದ ವರ್ಷ ಆ ಕೈಯೇ ಅವನಿಗೆ ಕೈ ಕೊಟ್ಟಿತು. ಅಮೆರಿಕದ ಡಾಕ್ಟರು ಅವನ ಎಡ ಮಣಿಕಟ್ಟಿನಿಂದ ದಾರದಂಥ ಒಂದು ನರ ಬಿಡಿಸಿ, ಬಲ ಮೊಣಕೈಯಲ್ಲಿ ಪೋಣಿಸಿ ಹೊಲಿದ ಕಥೆ ನಿನಗೆ ಗೊತ್ತೇ ಇದೆ. ನರ ಅವನದು, ನರಳಾಟ ಮನೆಮಂದಿಯದು. ಅಲ್ಲಿ ಅವನು ಬೇಸ್‌ಬಾಲ್ ಆಡುತ್ತಿದ್ದ ತಂಡದವರು 'ವಾಸಿಯಾಗಲಿ, ಆಮೇಲೆ ನೋಡೋಣ' ಎಂದು ಬೆನ್ನು ತಟ್ಟಿ ವಿಮಾನ ಹತ್ತಿಸಿದರು. ಹಾಗಾಗಿ ಎಲ್ಲವೂ ಈ ಚಳಿಗಾಲದ ಆಟದ ಮೇಲೆಯೇ ನಿಂತಿತ್ತು. ನಮ್ಮ ಊರಿನ ತಂಡಕ್ಕೆ ಮೊದಲ ಇನಿಂಗ್ಸಿನಿಂದ ಚೆಂಡೆಸೆಯುವ ಹಳೆಯ ದೋರೋ ಮರಳಿ ಬರುತ್ತಾನೋ, ಕೊನೆಯಲ್ಲಿ ಒಂದೆರಡು ಎಸೆತಕ್ಕೆ ಕರೆಸಿಕೊಳ್ಳುವ ಬಾಡಿಗೆ ಕೈಯಾಗುತ್ತಾನೋ, ಅಥವಾ ಪಡಸಾಲೆಯಲ್ಲಿ ಕೂತು ರೇಡಿಯೊ ಕೇಳುವ ಗಂಡನಾಗುತ್ತಾನೋ? ನನಗೆ ಬೇಕಿದ್ದದ್ದು ಅದೊಂದು ಉತ್ತರ. ಆದರೆ ಯಾರನ್ನು ಕೇಳಿದರೂ ಉತ್ತರದ ಬದಲು ಮುಗುಳ್ನಗೆ ಸಿಗುತ್ತಿತ್ತು.

ಊರಿನವರದು ಬಿಡು. ಕ್ಷೌರದಂಗಡಿಯಿಂದ ಮೀನು ಮಾರುಕಟ್ಟೆಯವರೆಗೂ 'ತೋಳು ಬಂತು, ತೋಳು ಬಂತು' ಎಂದು ಒಂದೇ ಕೂಗು. ನನಗೆ ಮಾತ್ರ ತೋಳ ಬಂದ ಹಾಗೆ ಎದೆ ಡವಡವ. ನನ್ನ ಅನುಮಾನ ಹುಟ್ಟಿದ್ದು ದೋನ್ ಎವಾರಿಸ್ತೊನ ದೆಸೆಯಿಂದ. ತಂಡದ ಮ್ಯಾನೇಜರು ಅವನು, ಎದುರಾದರೆ ಒಂದು ನಮಸ್ಕಾರ ಕೊಡಲಿಕ್ಕೂ ಲೆಕ್ಕ ಹಾಕುವವನು. ಅಂಥವನು ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ತಾನಾಗಿಯೇ ಮನೆಗೆ ಬಂದ, ಹುರಿದ ಹಂದಿಯ ಒಂದು ಇಡೀ ತೊಡೆ ಹೊತ್ತುಕೊಂಡು.

"ಟೀಚರಮ್ಮಾ, ನಿಮ್ ಯಜಮಾನ್ರು ಬಂಗಾರ. ಎಲ್ಲಿ ಹಾಕಿದ್ರೂ ಹೊಳೀತಾರೆ."

"ಎಲ್ಲಿ ಹಾಕ್ತೀರಿ ಅಂತ ಹೇಳಿ ಮತ್ತೆ, ದೋನ್ ಎವಾರಿಸ್ತೊ. ಮೊದಲಲ್ಲೋ, ಕೊನೇಲೋ?"

"ನೋಡೋಣ, ನೋಡೋಣ. ಬಿಸಿ ಇರುವಾಗ್ಲೇ ತಿನ್ನಿ, ಬೆಳ್ಳುಳ್ಳಿ ಚೆನ್ನಾಗಿ ಹಿಡಿದಿದೆ."

ಕೈಯ ವಿಷಯ ಕೇಳಿದರೆ ಕಾಲು ಕೊಟ್ಟು ಹೋದ, ಅಕ್ಕಾ. ಇದರಲ್ಲಿ ಏನೋ ಇದೆ ಎಂದು ನನಗೆ ಅಂದೇ ಅನ್ನಿಸಿತು. ತೊಡೆ ಮಾತ್ರ ರುಚಿಯಾಗಿತ್ತು; ಅನುಮಾನಕ್ಕೂ ಹಸಿವಿಗೂ ಜಗಳವಿಲ್ಲ.

ಎರಡನೆಯ ಅನುಮಾನ ದೋರೋನ ಮೇಲೆಯೇ. ಸೀಸನ್ನಿನ ಮೊದಲ ಆಟದಲ್ಲಿ ಚೆಂಡು ತನ್ನ ಕೈಗೆ ಕೊಡಲಿಲ್ಲವೆಂದು ಹಿಂದೊಮ್ಮೆ ಕುರ್ಚಿ ಮುರಿದವನು ಈಗ ಏನು ಕೇಳಿದರೂ "ತಂಡ ಹೇಳ್ದಂಗೆ ಕಣೇ" ಎನ್ನುತ್ತಿದ್ದ. ಕುರಿಮರಿಯಷ್ಟು ಸಾಧು. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡ ಸಾಧುವಾದದ್ದನ್ನು ಕಂಡು ಹೆಂಡತಿ ನೆಮ್ಮದಿಯಿಂದ ನಿದ್ದೆ ಮಾಡಿದ್ದುಂಟೇ?

ಅಂತೂ ಒಂದು ಶನಿವಾರ ಬೆಳಿಗ್ಗೆ ಯೊಕಾಸ್ತಾಳನ್ನು ಕರೆದುಕೊಂಡು ಅಭ್ಯಾಸ ನೋಡಲು ಹೋದೆ. ಅವನ ಎಸೆತ ಹಿಡಿಯುತ್ತಿದ್ದವನು ನಮ್ಮ ಇಲಾರಿಯೊ. ಇವರಿಬ್ಬರೂ ಹುಡುಗರಾಗಿದ್ದಾಗ ಹಾಲಿನ ಡಬ್ಬದ ರಟ್ಟನ್ನು ಗ್ಲೌಸು ಮಾಡಿಕೊಂಡು ಆಡಿದವರು, ಒಬ್ಬರ ಅಮ್ಮನನ್ನೊಬ್ಬರು ಬೈದುಕೊಂಡು ಬೆಳೆದವರು. ಇಲಾರಿಯೊ ದೀಕ್ಷಾಸ್ನಾನದ ದಿನ ಧರ್ಮಪಿತನಾಗಿ ನಮ್ಮ ಮಗುವನ್ನು ಎತ್ತಿಕೊಂಡು ನಿಂತನಲ್ಲ, ಆ ಗಳಿಗೆಯಿಂದ ಅವರು ಒಬ್ಬರಿಗೊಬ್ಬರು ಕೊಂಪಾದ್ರೆಗಳಾದರು, ನಾನು ಅವನಿಗೆ ಕೊಮಾದ್ರೆಯಾದೆ. ಬೈಗುಳ ಬಿಟ್ಟುಹೋಯಿತು, 'ನೀನು' ಹೋಗಿ 'ನೀವು' ಬಂತು. ಕೊಂಪಾದ್ರೆಯನ್ನು ಸುಳ್ಳುಗಾರ ಎಂದವನಿಗೆ ನಮ್ಮ ಕೇರಿಯಲ್ಲಿ ಕಾಫಿ ಕೂಡ ಸಿಗುವುದಿಲ್ಲ ಎನ್ನುವುದು ನಿನಗೆ ಹೊಸದಾಗಿ ಹೇಳಬೇಕೆ? ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದು.

ದೋರೋ ಎಸೆದ. ಗ್ಲೌಸಿನಲ್ಲಿ ಠಾಪ್! ಎಂದು ಸದ್ದು. ಮತ್ತೆ ಎಸೆದ. ಠಾಪ್! ಕಿತ್ತಳೆ ಮಾರುವವನು ಬುಟ್ಟಿ ಇಳಿಸಿ ಶಿಲುಬೆಯ ಗುರುತು ಹಾಕಿಕೊಂಡ. ಗೋಡೆಯ ಮೇಲೆ ಕೂತವರು "ಹೊಸಾ ಕೈಯಪ್ಪೋ, ಹೊಸಾ ಕೈ!" ಎಂದು ಕುಣಿದರು. ನಾನೂ ಚಪ್ಪಾಳೆ ಹೊಡೆದೆ, ಹೊಡೆಯುತ್ತಲೇ ಕೇಳಿಸಿಕೊಂಡೆ. ಆ ಸದ್ದು ಅತಿಯಾಗಿ ಚೆನ್ನಾಗಿತ್ತು, ಅಕ್ಕಾ. ಮದುವೆ ಮನೆಯಲ್ಲಿ ಹುಡುಗನ ಕಡೆಯವರು ನಗುತ್ತಾರಲ್ಲ, ಅಂಥ ಸದ್ದು.

"ವೇಗ ಅಳೆಯೋ ಗನ್ನು ಎಲ್ಲಿ, ಇಲಾರಿಯೊ?"

"ಡಾಕ್ಟರು ಬೇಡ ಅಂದಿದಾರೆ, ಕೊಮಾದ್ರೆ. ನಂಬರು ಹೊರಗೆ ಬಿದ್ರೆ ಕೈಗೆ ದೃಷ್ಟಿಯಾಗತ್ತೆ."

"ದೃಷ್ಟಿ ತೆಗೆಯೋದನ್ನೂ ಡಾಕ್ಟರೇ ಶುರು ಮಾಡಿದ್ರಾ?"

ಅವನು ನಕ್ಕ. ನನ್ನ ಮಾತಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚಾಗಿಯೇ ನಕ್ಕ. ಮಾತುಗಾರರಿಗೆ ಆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ನೀನೂ ನಾನೂ ಎಸೆತ ಹಿಡಿಯುವ ಕ್ಯಾಚರನ ಮಕ್ಕಳು, ಅಕ್ಕಾ. ಅಪ್ಪ ಆಟ ಮುಗಿಸಿ ಬಂದರೆ ಅಮ್ಮ ಉಪ್ಪುನೀರು ಕಾಯಿಸಿ ಅವರ ಎಡಗೈ ಅದರಲ್ಲಿಡುತ್ತಿದ್ದಳು. ತೋರುಬೆರಳಿನ ಬುಡ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದರೆ ಅಂದು ಎಸೆದವನು ಗಟ್ಟಿಗ. ಅಂಗೈ ಮಾಮೂಲಾಗಿದ್ದರೆ ಯಾರೋ ಅರೆಬರೆ ಆಸಾಮಿ. ಪತ್ರಿಕೆ ಓದದೆಯೇ ಅಮ್ಮ ಆಟದ ವರದಿ ಹೇಳುತ್ತಿದ್ದಳು. ಇದೆಲ್ಲ ನೆನಪಾಗಿ, ಮರುದಿನ ಮಧ್ಯಾಹ್ನ ಇಲಾರಿಯೊನ ಮನೆಗೆ ನುಗ್ಗಿದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಎಡಗೈ ಕೊಡಿ ಇಲ್ಲಿ. ಭವಿಷ್ಯ ಹೇಳ್ತೀನಿ."

"ಅಯ್ಯೋ, ಯಾವಾಗ ಕಲಿತ್ರಿ ಕೊಮಾದ್ರೆ?"

"ಗಂಡ ಮನೇಲಿ ಕೂತ ಮೇಲೆ."

ಅಂಗೈ ಹಿಡಿದು ಆಯುಷ್ಯರೇಖೆ, ಧನರೇಖೆ ಎಂದು ಏನೇನೋ ಹೇಳುತ್ತ, ತೋರುಬೆರಳಿನ ಬುಡವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ. ಅವನ ರೆಪ್ಪೆ ಕೂಡ ಅಲುಗಲಿಲ್ಲ. ಊತವಿಲ್ಲ, ಕಪ್ಪಿಲ್ಲ. ಹಿಂದಿನ ದಿನ ಊರನ್ನೇ ನಡುಗಿಸಿದ ಚೆಂಡುಗಳನ್ನು ಹಿಡಿದ ಅಂಗೈ ಯೊಕಾಸ್ತಾಳ ಕೆನ್ನೆಯ ಹಾಗಿತ್ತು.

"ಇದರಲ್ಲಿ ಸುಳ್ಳಿನ ರೇಖೆ ಉದ್ದ ಇದೆ, ಇಲಾರಿಯೊ."

ಅವನ ಮುಖ ಸಪ್ಪಗಾಯಿತು. "ನೀವು ಕ್ಯಾಚರನ ಮಗಳು ಅನ್ನೋದನ್ನೇ ಮರೆತಿದ್ದೆ ನೋಡಿ," ಎಂದ. ಆಮೇಲೆ ಎಲ್ಲ ಹೊರಬಂತು. ಗ್ಲೌಸಿನ ಒಳಗಿನ ಮೆತ್ತೆ ಕಿತ್ತು ಹಾಕಿದ್ದಾನೆ, ಚರ್ಮವನ್ನು ಬಿಸಿಲಿಗಿಟ್ಟು ಒಣಗಿಸಿದ್ದಾನೆ, ಚೆಂಡು ಸರಿಯಾಗಿ ಕುಳಿಗೇ ಬೀಳುವಂತೆ ಹಿಡಿಯುತ್ತಾನೆ. ಎಂಥ ಸಾಧಾರಣ ಎಸೆತವೂ ಸಿಡಿಮದ್ದಿನ ಹಾಗೆ ಕೂಗುತ್ತದೆ.

"ಕೊಂಪಾದ್ರೆಗೆ ಹೇಳ್ಬೇಡಿ," ಎಂದು ನನ್ನ ಕೈ ಹಿಡಿದುಕೊಂಡ. "ಕೈ ವಾಪಸ್ ಬಂದಿಲ್ಲ. ಬರೋದೂ ಇಲ್ಲ. ಆದ್ರೆ ಆ ಸದ್ದು ಕೇಳ್ದಾಗ ಅವರ ಮುಖ ನೋಡಿದೀರಾ? ಇನ್ನೊಂದ್ ಸ್ವಲ್ಪ ದಿನ ಅವರು ನಂಬಿಕೊಂಡಿರ್ಲಿ. ಬೇರೆಯವ್ರು ಹೇಳೋ ದಿನ ಹೇಗೂ ಬರತ್ತೆ."

ಮನೆಗೆ ನಡೆದುಬರುವಾಗ ಕಣ್ಣು ಒದ್ದೆಯಾಗಿತ್ತು. ಆದರೂ ನನ್ನ ಬುದ್ಧಿ ಗೊತ್ತಲ್ಲ, ಒಂದು ಅನುಮಾನ ತೀರುವ ಮೊದಲೇ ಇನ್ನೊಂದು ಹುಟ್ಟಿತ್ತು. ಗ್ಲೌಸು ಕಿವಿಗೆ ಮೋಸ ಮಾಡಬಹುದು. ಎಸೆದವನ ಬೆರಳಿಗೂ ಮಾಡಬಲ್ಲುದೇ?

ದೋರೋ ಹಿತ್ತಲಲ್ಲಿ ತೊಗರಿ ಬಿಡಿಸುತ್ತಿದ್ದ. ಎದುರು ಕೂತು ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ.

"ಇಲಾರಿಯೊನ ಗ್ಲೌಸು ಜೋರಾಗಿ ಕೂಗತ್ತೆ ಅಲ್ವಾ?"

ಅವನು ತಲೆ ಎತ್ತಲಿಲ್ಲ. "ಮೆತ್ತೆ ತೆಗ್ದಿದಾರೆ."

"ನಿನಗೆ ಗೊತ್ತಾ?"

"ಚೆಂಡು ಬೆರಳು ಬಿಡುವಾಗ್ಲೇ ಗೊತ್ತಾಗತ್ತೆ ನೆರೇಯ್ದಾ. ಅದು ಅಲ್ಲಿಗೆ ಹೋಗಿ ಏನು ಕೂಗಿದ್ರೇನು? ಮೊದಲನೇ ದಿನಾನೇ ಗೊತ್ತಾಯ್ತು."

"ಮತ್ತೆ ಈ ನಾಟಕ ಯಾಕೆ?"

ಕಾರಣ ಇದು. ದೋನ್ ಎವಾರಿಸ್ತೊ ಆಗಸ್ಟಿನಲ್ಲೇ ಇವನನ್ನು ಕರೆದು, 'ಎಸೆಯೋದು ಬಿಡಿ, ಹೊಸ ಎಸೆಗಾರರಿಗೆ ಕೋಚ್ ಆಗಿ' ಎಂದಿದ್ದ. ಹಂದಿಯ ತೊಡೆ ಬಂದದ್ದು ಆ ಮಾತಿಗೆ ಒಗ್ಗರಣೆಯಾಗಿ. ಇವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಏಕೆಂದರೆ ಇಲಾರಿಯೊಗೂ ವಯಸ್ಸಾಯಿತು, ಮೊಣಕಾಲು ಹೋಗಿದೆ. ತಂಡ ಅವನನ್ನು ಇಟ್ಟುಕೊಂಡಿರುವುದೇ ದೋರೋ ಬೇರೆ ಯಾರಿಗೂ ಎಸೆಯುವುದಿಲ್ಲ ಎಂದು ಹಟ ಹಿಡಿದಿರುವುದರಿಂದ. ಇವನು ನಿಂತ ದಿನ ಅವನೂ ಮನೆಗೆ.

"ಹೋಗಿ ಅವನಿಗೇ ಹೇಳ್ಬಹುದಿತ್ತಲ್ಲ?"

"ಏನಂತ? ಕೊಂಪಾದ್ರೆ, ನಿಮ್ಮ ಗ್ಲೌಸು ಸುಳ್ಳು ಹೇಳ್ತಿದೆ ಅಂತಾನಾ?"

ನೋಡಿದೆಯಾ? ಇವನು ಅವನಿಗಾಗಿ ಎಸೆಯುತ್ತಿದ್ದ, ಅವನು ಇವನಿಗಾಗಿ ಸದ್ದು ಮಾಡುತ್ತಿದ್ದ. 'ನೀನು' ಎಂದು ಬೈದುಕೊಳ್ಳುವ ಕಾಲದಲ್ಲಾಗಿದ್ದರೆ ಒಂದೇ ಬೈಗುಳದಲ್ಲಿ ತೀರಿಹೋಗುತ್ತಿದ್ದ ವಿಷಯ. ನಾವು ಮಾಡಿಸಿದ ದೀಕ್ಷಾಸ್ನಾನ ಇಬ್ಬರ ಬಾಯಿಯನ್ನೂ ಹೊಲಿದಿತ್ತು.

ಹೋದ ಭಾನುವಾರ ಮಧ್ಯಾಹ್ನದ ಆಟದಲ್ಲಿ ಎಂಟನೆಯ ಇನಿಂಗ್ಸಿಗೆ ದೋರೋನನ್ನು ಕರೆದರು. ಇಡೀ ಸ್ಟೇಡಿಯಂ ಎದ್ದು ನಿಂತಿತು. ಮೊದಲ ಎರಡು ಚೆಂಡು ಬ್ಯಾಟಿಗೆ ತಾಗಲಿಲ್ಲ, ಇಲಾರಿಯೊನ ಕೈಯಲ್ಲಿ ಚೆನ್ನಾಗಿಯೇ ಕೂಗಿದವು. ಮೂರನೆಯದು ಗ್ಲೌಸಿನವರೆಗೆ ಬರಲೇ ಇಲ್ಲ. ಬೇಲಿ ದಾಟಿ, ರಸ್ತೆ ದಾಟಿ, ಯಾರದೋ ತಗಡಿನ ಸೂರಿನ ಮೇಲೆ ಬಿತ್ತು. ಜನ ಮೆಲ್ಲಗೆ ಕೂತರು. ಇಲಾರಿಯೊ ಮುಖವಾಡ ತೆಗೆದು ಅವನ ಹತ್ತಿರ ನಡೆದುಹೋದ. ಇಬ್ಬರೂ ಗ್ಲೌಸಿನಿಂದ ಬಾಯಿ ಮುಚ್ಚಿಕೊಂಡು ಏನೋ ಮಾತಾಡಿದರು. ಏನು ಮಾತಾಡಿದಿರಿ ಎಂದು ಆಮೇಲೆ ಕೇಳಿದರೆ ದೋರೋ ಹೇಳಿದ: "'ಕೊಂಪಾದ್ರೆ, ನಿಮ್ಮ ಗ್ಲೌಸಿಗೂ ಸುಸ್ತಾಗಿದೆ ಅನ್ಸತ್ತೆ' ಅಂದೆ. 'ಹೌದು ಕೊಂಪಾದ್ರೆ, ಪಾಪ, ಅದಕ್ಕೂ ವಯಸ್ಸಾಯ್ತು' ಅಂದ್ರು." ಅಷ್ಟೇ. ಯಾರೂ ಯಾರನ್ನೂ ಸುಳ್ಳುಗಾರ ಎನ್ನಲಿಲ್ಲ.

ಸೋಮವಾರ ದೋರೋ ಮ್ಯಾನೇಜರಿಗೆ ಹೂಂ ಎಂದು ಬಂದ. ಒಂದೇ ಷರತ್ತು: ಹೊಸ ಹುಡುಗರು ಅಭ್ಯಾಸ ಮಾಡುವಾಗ ಅವರ ಎಸೆತ ಹಿಡಿಯಲು ಇಲಾರಿಯೊ ಇರಬೇಕು. ದೋನ್ ಎವಾರಿಸ್ತೊ ಗಲ್ಲ ಕೆರೆದುಕೊಂಡು, "ಸರಿ ಬಿಡಿ. ಹೆದರಿಕೊಂಡ ಹುಡುಗರಿಗೆ ಅಂಥ ಒಂದು ಗ್ಲೌಸು ಬೇಕು" ಎಂದನಂತೆ. ಅಂದರೆ ಅವನಿಗೂ ಗೊತ್ತಿತ್ತು! ಊರಿನಲ್ಲಿ ಮೋಸ ಹೋದವರು ಕಿತ್ತಳೆ ಮಾರುವವನು ಮತ್ತು ನಾನು, ಇಬ್ಬರೇ. ದೋರೋ ಈಗ ಕೊರಳಿಗೆ ಸೀಟಿ ಹಾಕಿಕೊಂಡು ಹೋಗುತ್ತಾನೆ. ಮನೆಯಲ್ಲಿ ಇಬ್ಬರು ಟೀಚರುಗಳಾದೆವು, ಕೇಳುವ ವಿದ್ಯಾರ್ಥಿಗಳೇ ಇಲ್ಲ.

ಇನ್ನು ನಿಲ್ಲಿಸುತ್ತೇನೆ. ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ, ಭಾವನ ಕೆಮ್ಮು ಕಡಿಮೆಯಾಗಲಿ. ಯೊಕಾಸ್ತಾ ದೊಡ್ಡಮ್ಮನ ಆಶೀರ್ವಾದ ಕೇಳುತ್ತಿದ್ದಾಳೆ, ಹಲ್ಲಿಲ್ಲದ್ದರಿಂದ ಸ್ವಲ್ಪ ತೊದಲಿಕೊಂಡು.

ಇಂತು ನಿನ್ನ ತಂಗಿ
ನೆರೇಯ್ದಾ

ಮರೆತ ಮಾತು: ಮರೆತದ್ದಲ್ಲ, ಅಕ್ಕಾ. ಇಡೀ ಕಾಗದದುದ್ದಕ್ಕೂ ಇದನ್ನು ಬರೆಯದೆ ತಪ್ಪಿಸಿಕೊಂಡೆ. ಅಂದು ಹಿತ್ತಲಲ್ಲಿ ನಾನು ದೋರೋನನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ: ಇದನ್ನೆಲ್ಲ ಯಾರಿಗಾದರೂ ಹೇಳಿಕೊಂಡಿದ್ದೆಯಾ ಎಂದು. "ಅಕ್ಕಂಗೆ" ಎಂದ. ಆಗಸ್ಟಿನಲ್ಲಿ, ಮ್ಯಾನೇಜರು ಕರೆದು ಹೇಳಿದ ದಿನವೇ, ಸ್ಟೇಡಿಯಂ ಎದುರಿನ ಅಂಗಡಿಯಿಂದ ನಿನಗೆ ಫೋನು ಮಾಡಿದ್ದನಂತೆ. ನಿನ್ನ ಎರಡು ಕಾಗದಗಳನ್ನೂ ಹುಡುಕಿ ಮತ್ತೆ ಓದಿದೆ. ಇದರ ಬಗ್ಗೆ ಒಂದು ಮಾತಿಲ್ಲ. ಅದಕ್ಕೇ ಉತ್ತರ ಬರೆಯಲಿಲ್ಲ. ಪರೀಕ್ಷೆ ಒಂದು ನೆಪ.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದ: "ನಿನಗೆ ಹೇಳಿದ್ರೆ ಏನಾದ್ರೂ ಚೆನ್ನಾಗಿರೋ ಮಾತು ಹೇಳ್ತಿದ್ದೆ. ನಾನೂ ನಗ್ತಿದ್ದೆ. ಅವತ್ತು ನನಗೆ ನಗೋಕೆ ಇಷ್ಟ ಇರ್ಲಿಲ್ಲ ನೆರೇ." ನಿನ್ನ ಹತ್ತಿರ ಫೋನಿನಲ್ಲಿ ಅತ್ತನಂತೆ. ಬಹಳ ಹೊತ್ತು ಅತ್ತನಂತೆ, ನೀನು ಏನೂ ಹೇಳದೆ ಕೇಳಿಸಿಕೊಂಡೆಯಂತೆ.

ಹನ್ನೊಂದು ವರ್ಷದಲ್ಲಿ ನಾನು ಅವನ ಅಳು ಕೇಳಿಲ್ಲ. ಹೇಗಿರುತ್ತದೆ, ಅಕ್ಕಾ? ಬರೆದು ತಿಳಿಸು.